ಚೀಟಿಗೆ ಕಟ್ಟಿದ ನೂಲು

ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ! ಇಳಕಲ್ಲಿನ ನಮ್ಮ ನೇಕಾರರ ಸಂಘಕ್ಕ ಮೊಬೈಲ್ ಆ್ಯಪ್ ಮಾಡಿಕೊಟ್ಟಾಂವ ನಾನ, ದುಂಡೇಶ. ಅದಕ್ಕೂ ಮೊದ್ಲ ಯಾವ ಸೀರಿಗೆ ಯಾವ ಬಣ್ಣ ಅಂತ ಚೀಟಿ ಬರದು, ಅದೇ ಬಣ್ಣದ ನೂಲಿಂದೊಂದು ತುಣುಕು ಚೀಟಿಗೆ ಕಟ್ಟಿ, ಬಣ್ಣ ಹಾಕೋ ಫಕ್ರುಸಾಬ ಕಾಕಾರ ಕಡೆ ಕಳಸ್ತಿದ್ರು. ನಲವತ್ತು ವರ್ಷ ಹಂಗ ನಡದಿತ್ತು.

"ಇನ್ನ ಮ್ಯಾಲೆ ಮೊಬೈಲಿಗೆ ಬರೇ ಬಣ್ಣದ ನಂಬರ್ ಬರ್ತೈತ್ರಿ ಕಾಕಾ," ಅಂದೆ.

"ನೂಲೂ ಇರ್ಲಿ ಬಿಡಪಾ. ಅದೇನು ನಿನ್ನ ರೊಟ್ಟಿ ತಿಂತೈತೇನು?"

"ಅದೆಲ್ಲಾ ಓವರ್‌ಹೆಡ್ ಕಾಕಾ, ಸುಮ್ನ ಹೊರಿ!" ಅಂತ ನಕ್ಕೆ. ಈಗ ಆ ನಗು ನೆನಸಿಕೊಂಡ್ರ ಮೈಯೆಲ್ಲಾ ಉರೀತೈತಿ.

ನಂಬರಿಗೆ ಯಾವ ಬಣ್ಣ ಅನ್ನೋ ಪಟ್ಟಿನ ಆ್ಯಪ್ ಪ್ರತಿ ಸಲ ಹೊಸದಾಗಿ ತರಿಸಿದ್ರ, ನಮ್ಮ ನೆಟ್‌ವರ್ಕಿಗೆ ಅರ್ಧ ನಿಮಿಷ ಹಿಡೀತಿತ್ತು. ಅರ್ಧ ನಿಮಿಷ ಉಳಸಾಕ ಪಟ್ಟಿನ ಒಮ್ಮೆ ಮೊಬೈಲಿನಾಗ ಕುಂದರಿಸಿಬಿಟ್ಟೆ. ಭಾಳ ಶಾಣ್ಯಾ ನಾ! ಹೋದ ತಿಂಗಳ ಸಂಘದವ್ರು ಪಟ್ಟಿ ಬದಲಿಸಿದ್ರು. ಹದಿನೇಳು ಅಂದ್ರ ಮೊದ್ಲ ದಾಳಿಂಬರ ಕೆಂಪು, ಈಗ ಗಿರಿಕುಂಕುಮ ಅನ್ನೋ ಕುಂಕುಮದ ಬಣ್ಣ. ಕಾಕಾರ ಮೊಬೈಲಿನಾಗ ಹಳೇ ಪಟ್ಟಿನ ಉಳೀತು. ಒಂದು ಮದುವಿಗೆ ಬೇಕಾದ ಹನ್ನೆರಡು ಸೀರಿ ನೂಲು ದಾಳಿಂಬರ ಕೆಂಪಾಗಿ ಬಂತು.

ಮರುದಿನ ಮುಂಜಾನೆ ಕಂಪ್ಯೂಟರಿನಾಗ ನೋಡಿದಾಗನ ನನ್ನ ತಪ್ಪು ನನಗ ತಿಳೀತು. ಮಧ್ಯಾಹ್ನ ಸಂಘದ ಸಭಾ. ಕಾರ್ಯದರ್ಶಿ ಕಲ್ಲಪ್ಪಣ್ಣ, "ಕಾಕಾ, ನಿಮ್ಮ ಕಣ್ಣು ಮಂಜಾಗ್ಯಾವ. ಇನ್ನ ಬಣ್ಣದ ಕೆಲಸ ಸಾಕು ಮಾಡ್ರಿ," ಅಂದ.

ಕಾಕಾ ನನ್ನ ಕಡೆ ಒಮ್ಮೆ ನೋಡಿದ್ರು. ನಾ ಲ್ಯಾಪ್‌ಟಾಪಿನಾಗ ತಲಿ ಹಾಕಿಕೊಂಡು ಕುಂತೆ. ಮಾಡಿದ್ದುಣ್ಣೋ ಮಹಾರಾಯ ಅಂತಾರ. ಇಲ್ಲಿ ಮಾಡಿದಾಂವ ನಾ, ಉಂಡವ್ರು ಕಾಕಾ.

ಮೂರು ದಿನ ಕಾಕಾರ ಓಣಿ ಬಿಟ್ಟು ಬ್ಯಾರೆ ದಾರಿ ಹಿಡದೆ. ನಾಕನೇ ದಿನ ಅವ್ರ ಮನಿಗೆ ಹೋದೆ. ಬಣ್ಣದ ಹಂಡೇವು ಅಂಗಳದಾಗ ಬೋರಲ ಬಿದ್ದಿದ್ವು. ಕಾಕಾರ ಕೈ ಮಾತ್ರ ಇನ್ನೂ ಕೆಂಪಿತ್ತು.

"ಕಾಕಾ, ತಪ್ಪು ನಿಮ್ದಲ್ರಿ. ನಿಮ್ಮ ಮೊಬೈಲಿನಾಗಿನ ಪಟ್ಟಿ..."

"ಹಳೇದು," ಅಂದ್ಳು ಒಳಗಿಂದ ಚಾ ತಂದ ಮೊಮ್ಮಗಳು ರೂಬಿ. "ಸಭಾಕ್ಕ ಹೋಗೂ ಮೊದ್ಲನ ಅಜ್ಜಾಗ ತೋರಿಸಿದ್ನಿ."

ನಾ ಕಾಕಾರ ಕಡೆ ತಿರುಗಿದೆ. "ಗೊತ್ತಿದ್ದೂ ಯಾಕ ಸುಮ್ನ ಕುಂತ್ರಿ ಕಾಕಾ?"

ಕಾಕಾ ಚಾದ ಬಸಿ ನನ್ನ ಕಡೆ ಸರಿಸಿದ್ರು.

"ನೀ ಎದ್ದು ಹೇಳ್ತಿ ಅಂತ ದಾರಿ ನೋಡಿಕೋತ ಕುಂತಿದ್ನಿ, ದುಂಡೇಶಾ."

ಅಲ್ಲೇ ಕುಂತು ಕಲ್ಲಪ್ಪಣ್ಣಗ ಫೋನ್ ಹಚ್ಚಿದೆ. ಕಾಕಾ ಎದುರಿಗೇ ಇದ್ರು. ಎಲ್ಲಾ ಹೇಳಿ ಮುಗಿಸೂತನಕ ಅವ್ರ ಮಾರಿ ನೋಡಾಕ ನನ್ನ ಕೈಲಿ ಆಗಲಿಲ್ಲ.