ಏನೂ ಸಿಗಲಿಲ್ಲ ಅನ್ನುವ ಕಂಪ್ಯೂಟರು

"ಇನ್ನೊಮ್ಮೆ ಒತ್ರಿ ಬಾಯಿ," ಎಂದಳು ಶಾಲುಬಾಯಿ.

ಟ್ರಸ್ಟಿನ ಕಚೇರಿಯ ಗುಮಾಸ್ತೆ ಲಲಿತಾಬಾಯಿ ಇನ್ನೊಮ್ಮೆ ಒತ್ತಿದಳು. ಹುಡುಕುವ ಚೌಕದಲ್ಲಿ ಶಾಲುಬಾಯಿಯ ಮಗಳ ಹೆಸರಿತ್ತು, ಸಂಘಮಿತ್ರಾ. ಯೋಚಿಸಿದಂತೆ ನಟಿಸುವ ಸೌಜನ್ಯವೂ ಇಲ್ಲದೆ ಕಂಪ್ಯೂಟರು ‘ಏನೂ ಸಿಗಲಿಲ್ಲ’ ಎಂದಿತು. ಊರಿನ ಹೆಸರು ಹಾಕಿದರೂ ಅದೇ, ತಂದೆಯ ಹೆಸರು ಹಾಕಿದರೂ ಅದೇ. ಮನುಷ್ಯನಾಗಿದ್ದರೆ ಕಪಾಳಕ್ಕೆ ಒಂದು ಕೊಡಬಹುದಿತ್ತು.

ಬೀದರಿನ ಮೈಲೂರಿನಲ್ಲಿದ್ದ ಆ ಟ್ರಸ್ಟಿನ ಕೆಲಸ ಒಂದೇ: ಕೂಲಿ ಅರಸಿ ಗುಳೆ ಹೋಗುವವರ ಮಕ್ಕಳನ್ನು ಹಾಸ್ಟೆಲ್ಲಿನಲ್ಲಿ ಇಟ್ಟುಕೊಂಡು ಅವರ ಶಾಲೆ ತಪ್ಪದಂತೆ ನೋಡಿಕೊಳ್ಳುವುದು. ಮಳೆ ಕೈಕೊಟ್ಟು ಎರಡನೇ ವರ್ಷ. ಮಾಂಜ್ರಾ ಹೊಳೆಯಲ್ಲಿ ಕಲ್ಲು ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಅರ್ಜಿಗಳೆಲ್ಲ ಇಮೇಲಿನಲ್ಲಿ ಬರಬೇಕು, ಕಂಪ್ಯೂಟರಿನಲ್ಲಿ ಸಿಕ್ಕವರಿಗೆ ಮಾತ್ರ ಜಾಗ. ಇದು ಮ್ಯಾನೇಜರ್ ಹಾವಗೆಪ್ಪನವರ ಕಾನೂನು. ಕಾಗದ ಹಿಡಿದು ಬಂದವರನ್ನು ಅವರು ನೊಣ ಓಡಿಸಿದಂತೆ ಓಡಿಸುತ್ತಿದ್ದರು.

"ಔರಾದದಾಗ ಚಾಂದ ಪಾಶಾನ ಕಂಪ್ಯೂಟರ್ ಅಂಗಡ್ಯಾಗಿಂದ ಅರ್ಜಿ ಕಳಸೀನ್ರಿ," ಎಂದಳು ಶಾಲುಬಾಯಿ. "ಹೋಗ್ಯಾದ ನೋಡು ಅಂತ ಅಂವಾ ತೋರಿಸ್ಯಾನ. ಸಂಜಿಗಿ ಗಾಂಧಿ ಗಂಜದಿಂದ ಹೈದರಾಬಾದಿಗಿ ಕೂಲಿಯವರ ಗಾಡಿ ಬಿಡ್ತದ. ಜಾಗ ಇಲ್ಲಂದ್ರ ಪೋರಿನ್ನೂ ಗಾಡ್ಯಾಗ ಹಾಕ್ಕೊಂಡೇ ಹೋಗಬೇಕಾಗ್ತದ. ಏಳನೇದಾಗ ಅದಾಳ್ರಿ, ವರ್ಗದಾಗ ಮುಂದ ಅದಾಳ."

"ಕಂಪ್ಯೂಟರ್ ಇಲ್ಲ ಅಂತದಲ್ಲವ್ವಾ."

"ಅದಕ್ಕೇನ್ ಗೊತ್ರಿ? ಅದೇನ್ ನಮ್ಮೂರ ನೋಡ್ಯಾದ?"

ಚಳಿಗಾಲದುದ್ದಕ್ಕೂ ಲಲಿತಾಬಾಯಿ ಬಂದವರಿಗೆಲ್ಲ ‘ಕಂಪ್ಯೂಟರ್ ಇಲ್ಲ ಅಂತದ’ ಎಂಬ ಮಾತೊಂದನ್ನೇ ಒಪ್ಪಿಸಿದ್ದಳು. ಜನ ಪರದೆಯ ಕಡೆ ಒಮ್ಮೆ ನೋಡಿ, ಕೈ ಮುಗಿದು ಹೋಗುತ್ತಿದ್ದರು. ಯಂತ್ರ ಸುಳ್ಳು ಹೇಳುತ್ತದೆಂದು ಯಾರಿಗೂ ಅನಿಸಿರಲಿಲ್ಲ. ಒಂದೊಂದೇ ಇಮೇಲ್ ಕೆಳಗೆ ಸರಿಸಿ ನೋಡೋಣವೆಂದರೆ ಸಾವಿರಾರು ಇದ್ದವು, ಅರ್ಧಕ್ಕರ್ಧ ಯಾರ್ಯಾರದೋ ಶುಭೋದಯ; ಸ್ವಲ್ಪ ಸರಿಸಿದರೆ ಪರದೆ ಬಿಳುಚಿಕೊಂಡು ನಿಂತುಬಿಡುತ್ತಿತ್ತು.

ಆಗ ಅವಳಿಗೊಂದು ಯೋಚನೆ ಬಂತು. ನಿನ್ನೆ ತಾನೇ ಉತ್ತರ ಬರೆದಿದ್ದ ಒಂದು ಇಮೇಲ್ ಪಟ್ಟಿಯ ತುದಿಯಲ್ಲೇ ಕಾಣುತ್ತಿತ್ತು. ಅದನ್ನು ಕಳಿಸಿದವರ ಹೆಸರು ಚೌಕದಲ್ಲಿ ಹೊಡೆದಳು. ‘ಏನೂ ಸಿಗಲಿಲ್ಲ.’

ಕಣ್ಣೆದುರಿಗೇ ಕೂತಿದ್ದನ್ನು ಇಲ್ಲ ಎನ್ನುತ್ತಿತ್ತು!

ಅವಳು ಇಮೇಲ್ ಪ್ರೋಗ್ರಾಮಿನ ಸಹಾಯದ ಪುಟಗಳನ್ನು ತೆಗೆದು ಓದತೊಡಗಿದಳು. ಹುಡುಕು ಎಂದಾಗ ಆ ಪ್ರೋಗ್ರಾಮು ಇಮೇಲುಗಳನ್ನು ತಡಕುವುದೇ ಇಲ್ಲವಂತೆ. ಪುಸ್ತಕದ ಹಿಂದಿನ ಪುಟಗಳಲ್ಲಿ ಇರುವಂಥ ಒಂದು ಸೂಚಿಯನ್ನು ಮೊದಲೇ ಕಟ್ಟಿಕೊಂಡು ಅದರಲ್ಲಷ್ಟೇ ನೋಡುತ್ತದೆ. ಸೂಚಿ ಕಟ್ಟುವುದು ಯಾರೂ ಕೆಲಸ ಮಾಡದೆ ಕಂಪ್ಯೂಟರು ಬಿಡುವಾಗಿ ಉರಿಯುತ್ತಿರುವಾಗ. ಆದರೆ ಈ ಕಚೇರಿಯಲ್ಲಿ ಬಿಡುವಾಗಿ ಉರಿಯುವ ಭಾಗ್ಯ ಯಾವುದಕ್ಕಿತ್ತು? ಕಳೆದ ದಸರೆಯಲ್ಲಿ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹಾವಗೆಪ್ಪನವರು ಹೊಸ ಕಟ್ಟಳೆ ಮಾಡಿದ್ದರು: ಕುರ್ಚಿ ಬಿಟ್ಟು ಎದ್ದವರು ಗೋಡೆಯ ಬಟನ್ ಆರಿಸಿಯೇ ಏಳಬೇಕು, ಚಹಾಕ್ಕಾದರೂ ಸರಿ, ಊಟಕ್ಕಾದರೂ ಸರಿ. ಅಂದಿನಿಂದ ಸೂಚಿ ನಿಂತಲ್ಲೇ ನಿಂತಿತ್ತು. ದಸರೆಯ ಆಚೆಗೆ ಬಂದ ಒಂದು ಅರ್ಜಿಯೂ ಅದರ ಪಾಲಿಗೆ ಹುಟ್ಟಿರಲಿಲ್ಲ.

ಸೆಟ್ಟಿಂಗಿನೊಳಗೆ ಸೂಚಿಯನ್ನು ಹೊಸದಾಗಿ ಕಟ್ಟುವ ಗುಂಡಿಯೊಂದಿತ್ತು. ಅದನ್ನು ಒತ್ತಿ, ಶಾಲುಬಾಯಿಯನ್ನು ಪಡಸಾಲೆಯಲ್ಲಿ ಕೂರಿಸಿ, ಲಲಿತಾಬಾಯಿ ಕೈ ಕಟ್ಟಿ ಕುರ್ಚಿಯಲ್ಲಿ ಕೂತಳು. ಊಟಕ್ಕೆ ಏಳಲಿಲ್ಲ.

ಹಾವಗೆಪ್ಪನವರು ಉಂಡು, ಎಲೆ ಹಾಕಿಕೊಂಡು, ಹಲ್ಲಿನ ಸಂದಿಯನ್ನು ಕಡ್ಡಿಯಿಂದ ಕೆದಕುತ್ತ ಬಂದರು.

"ಯಾಕ್ರಿ, ಖಾಲಿ ಕುಂತೀರಿ, ಮಷೀನ್ ಉರೀಲತದ? ಆರಸ್ರಿ."

"ಆರಸಲ್ರಿ. ಹುಡುಕೋದು ಕೆಟ್ಟಿತ್ತು, ರಿಪೇರಿ ನಡದದ."

"ನಿಮಗ್ಯಾರು ಹೇಳ್ಯಾರ?" ಎಂದು ಅವರು ಬಟನ್ನಿಗೆ ಕೈ ಚಾಚಿದರು. ಲಲಿತಾಬಾಯಿ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಪರಹೆಂಗಸನ್ನು ಮುಟ್ಟಿ ಸರಿಸುವಂತಿರಲಿಲ್ಲ. ಕಡ್ಡಿಯನ್ನು ನೆಲಕ್ಕೆ ಉಗಿದು ಅವರು ಒಳಗೆ ಹೋದರು. ಅದು ಅವಳ ಚಪ್ಪಲಿಯ ಪಕ್ಕದಲ್ಲೇ ಬಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಹೆಸರು ಹೊಡೆದ ಕೂಡಲೇ ಸಂಘಮಿತ್ರಾ ಬಂದಳು: ಫೋಟೊ, ಶಾಲೆಯ ದಾಖಲೆ, ಎಲ್ಲ ಸಮೇತ. ಲಲಿತಾಬಾಯಿ ಪ್ರವೇಶದ ಚೀಟಿ ಬರೆದು, ಟ್ರಸ್ಟಿನ ಮುದ್ರೆಯ ಸಿಕ್ಕಾ ಹೊಡೆದು, ಶಾಲುಬಾಯಿಯ ಕೈಗಿಟ್ಟಳು. ಅವಳು ಉಪಕಾರವಾಯಿತೆಂದೂ ಹೇಳದೆ, ಚಪ್ಪಲಿ ಸರಿಯಾಗಿ ಮೆಟ್ಟದೆ, ಮಗಳನ್ನು ಕೂರಿಸಿದ್ದ ಗಂಜದ ಕಡೆ ಓಡಿದಳು.

ಲಲಿತಾಬಾಯಿ ಆಮೇಲೆ ಚೌಕದಲ್ಲಿ ‘ಹಾಸ್ಟೆಲ್’ ಎಂದಷ್ಟೇ ಹೊಡೆದಳು. ಪರದೆ ತುಂಬಿತು. ಜನವಾಡ, ಭಾಲ್ಕಿಯ ಹಳ್ಳಿಗಳು, ಔರಾದಿನ ತಾಂಡಾಗಳು. ಎಷ್ಟೋ ಮುಖಗಳು ಅವಳಿಗೆ ನೆನಪಿದ್ದವು. ಇದೇ ಮೇಜಿನ ಮುಂದೆ ನಿಂತು ಹೋದವರು.

ಹಾವಗೆಪ್ಪನವರು ಬಂದು ಅವಳ ಹೆಗಲ ಮೇಲಿಂದ ನೋಡಿದರು. ಅಡಕೆ, ಸುಣ್ಣದ ವಾಸನೆ ಬಡಿಯಿತು.

"ಇದನ್ನ ಮೊದಲಿನಂಗ ಮಾಡ್ರಿ," ಎಂದರು ಮೆಲ್ಲಗೆ.

"ಯಾಕ್ರಿ?"

"ಬಂದಿಲ್ಲ ಅಂದ್ರ ಮಂದಿ ಸುಮ್ಮ ಹೋಗ್ತಾರ ಬಾಯಿ. ಬಂದದ, ಜಾಗ ಇಲ್ಲ ಅಂದ್ರ ಬಾಗಿಲಿಗೇ ಕುಂದ್ರತಾರ. ಅಷ್ಟು ತಿಳ್ಯಾಂಗಿಲ್ಲೇನ್ ನಿಮಗ?"

"ಜಾಗ ಇಲ್ಲೇನ್ರಿ? ಮ್ಯಾಲಿನ ಹಾಲ್ ಅದಲ್ಲ?"

ಹಾಸ್ಟೆಲ್ಲಿನ ಮೇಲಿನ ಹಾಲಿನಲ್ಲಿ ಏನಿದೆಯೆಂದು ಕಚೇರಿಗೆಲ್ಲ ಗೊತ್ತಿತ್ತು. ಗಾಂಧಿ ಗಂಜದ ಪೇಟೆಯಲ್ಲಿ ಧಾನ್ಯ ದಲ್ಲಾಳಿಯ ಅಡತಿ ಅಂಗಡಿ ಇಟ್ಟ ಅವರ ಭಾವಮೈದುನನ ತೊಗರಿ ಚೀಲಗಳು, ಮಾಡಿನವರೆಗೆ. ದರ ಇನ್ನೂ ಏರಲೆಂದು ಕಾಯುತ್ತಿದ್ದವು. ಮಕ್ಕಳು ಮಲಗಬೇಕಾದಲ್ಲಿ ತೊಗರಿ ಮಲಗಿತ್ತು. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಲಲಿತಾಬಾಯಿಗೆ ಆ ಮನುಷ್ಯನ ಉಸಿರು ತನ್ನ ಕುತ್ತಿಗೆಗೆ ತಾಗಿದ್ದೇ ಹೇಸಿಗೆಯೆನಿಸಿತು. ತಾನು ಇಷ್ಟು ದಿನ ಅದೇ ಗಾಳಿ ಕುಡಿದು ಸಂಬಳ ಎಣಿಸಿದ್ದೂ ಹೇಸಿಗೆಯೆನಿಸಿತು.

"ಹಾಲ್ ಖಾಲಿ ಮಾಡಸ್ರಿ," ಎಂದಳು. "ನಾ ಒಬ್ಬೊಬ್ಬರಿಗಿ ಫೋನ್ ಹಚ್ತೇನಿ."

ಅವರು ನೋಡುತ್ತಿದ್ದಂತೆಯೇ ಮೇಲಿನ ಮೊದಲ ಅರ್ಜಿಯ ನಂಬರ್ ಒತ್ತಿದಳು. ಭಾಲ್ಕಿ ಕಡೆಯ ಪಂಢರಿ ಎಂಬಾತನದು. ಮಗಳು ಅಂಜನಾ, ಐದನೇ ತರಗತಿ. ಬಹಳ ಹೊತ್ತು ರಿಂಗಾದ ಮೇಲೆ ಒಂದು ಸಣ್ಣ ದನಿ ಎತ್ತಿಕೊಂಡಿತು. ಹಿಂದೆ ಕಾಂಕ್ರೀಟಿನ ಮಷೀನು ಗಡಗಡಿಸುತ್ತಿತ್ತು.

"ಅಪ್ಪ ಮ್ಯಾಲ ಸ್ಲ್ಯಾಬಿನ ಮ್ಯಾಗ ಅದಾನ್ರಿ. ಅವ್ವ ಇಟ್ಟಂಗಿ ಹೊರ್ಲತಾಳ. ನಾ ಅಂಜನಾ ರೀ."

"ಅಂಜನಾ, ಬೀದರ ಹಾಸ್ಟೆಲಿನಿಂದ ಮಾತಾಡ್ಲತೇನಿ ಅವ್ವಿ. ನಿನಗ ಜಾಗ ಸಿಕ್ಕದ. ಅಪ್ಪಗ ಹೇಳ್ತೀ ಏನು?"

"ಈಗ್ ಹೈದರಾಬಾದಿನಿಂದ ಹ್ಯಾಂಗ ಬರ್ಲಿರಿ? ತಮ್ಮಗ ಯಾರು ಹಿಡೀಬೇಕು?"

ಅಷ್ಟರಲ್ಲಿ ಕೂಸು ಕಿರುಚಿಕೊಂಡಿತು. "ಜರಾ ನಿಂದ್ರಿ," ಎಂದು ಹುಡುಗಿ ಫೋನನ್ನು ಎಲ್ಲೋ ಇಟ್ಟಳು. ಕೂಸನ್ನು ತಟ್ಟುವ ಸದ್ದು ಕೇಳಿತು. ಲಾಲಿಯ ರಾಗದಲ್ಲಿ ಅವಳು ಹದಿಮೂರರ ಮಗ್ಗಿ ಹೇಳತೊಡಗಿದಳು. ನಡುವೆ ಎಲ್ಲೋ ಮರೆಯಿತು. ತಡೆದಳು, ಮತ್ತೆ ಮೊದಲಿನಿಂದ ಹಿಡಿದಳು.