ಯಾವುದಕ್ಕೂ ಕಮ್ಮಿ ಇಲ್ಲದ ಮನೆ

ಬರಿಗೋಡೆಯ ಮನೆಯನ್ನು ಒಂದು ಮುಂಜಾನೆಯೊಳಗೆ ಸಿರಿವಂತರ ಮನೆ ಮಾಡಿ ತೋರಿಸು ಎಂದರೆ ಮೇಲವಂಕಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬಳಿಲ್ಲ. ಶಂಕ್ರವ್ವ ಅಂದರೆ ನಾನೇ. ಕನ್ಯೆ ನೋಡಲು ಯಾರಾದರೂ ಬರುತ್ತಾರೆಂದರೆ ನಮ್ಮ ಓಣಿಯವರು ಹಾಲು ತರುವ ಮೊದಲು ನನ್ನನ್ನು ಕರೆಯುತ್ತಾರೆ. ಒಬ್ಬರ ಮನೆಯ ಕಪಾಟು, ಇನ್ನೊಬ್ಬರ ಮನೆಯ ಕುರ್ಚಿ, ಮತ್ತೊಬ್ಬರ ಗೋಡೆಯ ಗಡಿಯಾರ ಇಸಕೊಂಡು ಬಂದು ಹೊಂದಿಸುತ್ತೇನೆ. ಬಂದವರು ಶಿರಾ ತಿಂದು, ಹೂಂ ಅಂದು ಬಸ್ ಹತ್ತಿದ ಮೇಲೆ ಎಲ್ಲವೂ ಅವರವರ ಮನೆಗೆ ವಾಪಸ್. ಇದನ್ನು ಮೋಸ ಅಂತ ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಗಂಡಿನ ಮನೆಯಲ್ಲಿ ನಾವು ನೋಡಿದ ಟೀವಿಯೂ ಹಾಗೇ ಬಂದದ್ದು. ಇಷ್ಟೆಲ್ಲ ಬಲ್ಲ ನಾನೇ ಸಾತವ್ವನ ಮನೆ ಹಾಳು ಮಾಡಿದೆ.

ಸಾತವ್ವ ನಮ್ಮ ಬಾಜೂ ಮನೆಯವಳು, ಕಂಡವರ ಹೊಲದಲ್ಲಿ ಕಳೆ ತೆಗೆದು ಬದುಕುವವಳು. ಗಂಡ ಲಗಮಣ್ಣ ಹುಕ್ಕೇರಿ ಕಡೆ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುತ್ತೇನೆಂದು ಹೋಗಿ ಮೂರು ವರ್ಷವಾಗಿತ್ತು. ಹುಕ್ಕೇರಿಯೇನು ಸಮುದ್ರದ ಆಚೆ ಇಲ್ಲ. ಮುಂಜಾನೆ ಹೊರಟು ಗೋಕಾಕದಲ್ಲಿ ಬಸ್ ಬದಲಿಸಿದರೆ ಊಟದ ಹೊತ್ತಿಗೆ ಮನೆ ಮುಟ್ಟಬಹುದು. ಬರಲು ಮನಸ್ಸಿರಬೇಕಲ್ಲ! ಆ ಮಹಾರಾಯನಿಗೆ ಅಲ್ಲೇ ಒಬ್ಬಳು ಸಿಕ್ಕಿದ್ದಳು, ಬಿಡಿ. ಇವಳಿಗೆ ಇದ್ದವನು ಒಬ್ಬನೇ ಮಗ, ಸ್ವಪ್ನಿಲ್.

ಹದಿನಾರರ ಹುಡುಗ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಎರಡು ವರ್ಷ ಬಸ್ ಸ್ಟ್ಯಾಂಡಿನ ಕಟ್ಟೆ ಕಾದ. ಯಾಕೆ ಬಿಟ್ಟೆಯೋ ತಮ್ಮಾ ಎಂದು ಕೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಇಬ್ಬರು ಗೆಳೆಯರ ಜೊತೆ ಮೂಡಲಗಿಯಲ್ಲಿ ಮೊಬೈಲ್ ಅಂಗಡಿಯ ಶಟರ್ ಎತ್ತಿ ಕಳವು ಮಾಡಿ ಸಿಕ್ಕಿಬಿದ್ದದ್ದೇ ತಡ, ಇಡೀ ಸರಕಾರಕ್ಕೆ ಅವನ ಹೆಸರು ಬಾಯಿಪಾಠವಾಯಿತು. ಉಳಿದಿಬ್ಬರ ಅಪ್ಪಂದಿರು ಕಾರಿನಲ್ಲಿ ಠಾಣೆಗೆ ಬಂದು, ಎಲ್ಲರೆದುರು ಮಕ್ಕಳ ಕಪಾಳಕ್ಕೆ ಒಂದೊಂದು ಕೊಟ್ಟು, ಅವತ್ತೇ ಕರೆದುಕೊಂಡು ಹೋದರು. ಅದಕ್ಕೆ ಪಾಲಕರ ಜವಾಬ್ದಾರಿ ಅನ್ನುತ್ತಾರಂತೆ. ಸಾತವ್ವ ಒಬ್ಬಳೇ ಹೋಗಿ ನಿಂತಳು. ಮನೆಯಲ್ಲಿ ಗಂಡಸರು ಯಾರೂ ಇಲ್ಲವೇನು ಎಂದು ಕೇಳಿ, ಹುಡುಗನನ್ನು ಜಿಲ್ಲೆಯ ಊರಿನ ಬಾಲಮಂದಿರಕ್ಕೆ ಕಳಿಸಿದರು.

ತಿಂಗಳು ಕಳೆದ ಮೇಲೆ ಮಕ್ಕಳ ಇಲಾಖೆಯ ಮೇಡಂ ಫೋನ್ ಮಾಡಿದರು. ಗುರುವಾರ ಮನೆ ನೋಡಲು ಬರುತ್ತೇನೆ, ನನ್ನ ವರದಿ ಓದಿ ಬಾಲನ್ಯಾಯ ಮಂಡಳಿಯವರು ಹುಡುಗನನ್ನು ಮನೆಗೆ ಬಿಡಬೇಕೋ ಬೇಡವೋ ಹೇಳುತ್ತಾರೆ ಎಂದರು. ಸಾತವ್ವ ಫೋನು ಹಿಡಿದುಕೊಂಡೇ ನನ್ನ ಬಳಿ ಓಡಿ ಬಂದಳು.

“ಯಕ್ಕಾ, ಮನಿ ನೋಡಾಕ ಬರ್ತಾರಂತ. ನನ್ನ ಮನ್ಯಾಗ ಏನೈತಿ ನೋಡಾಕ?”

“ಅಳಬ್ಯಾಡ ಹುಚ್ಚಿ. ನೋಡಾಕ ಬರೋರನ್ನ ನಾ ಎಷ್ಟ ಮಂದೀನ ನೋಡೇನಿ! ನಿನ್ನ ಮಗನ್ನ ಮನಿಗೆ ತರೂದು ನನ್ನ ಕೆಲಸ.”

ಗುರುವಾರ ಕಸ ಹೊಡೆಯುವ ಹೊತ್ತಿಗೇ ಕೆಲಸ ಶುರುಮಾಡಿದೆ. ನಮ್ಮ ಓಣಿಯ ಭೀಮೇಶನ ಮದುವೆಗೆ ಬಂದಿದ್ದ ಫ್ರಿಜ್ಜನ್ನು ನಾಲ್ವರು ಹೊತ್ತು ತಂದರು. ಸಾತವ್ವನ ಮನೆಯಲ್ಲಿ ಇರುವುದು ಒಂದೇ ಬಲ್ಬು, ಪ್ಲಗ್ ಹಾಕಲು ಜಾಗವಿಲ್ಲ. ವೈರನ್ನು ಸುತ್ತಿ ಹಿಂದೆ ತುರುಕಿದೆ. ಮಾಲಿಂಗಪ್ಪನ ಮನೆಯಿಂದ ಕನ್ನಡಿ ಇದ್ದ ಕಪಾಟು ಬಂತು. ಕಾಲೇಜಿಗೆ ಹೋಗುವ ನಂದಾಳ ಟೇಬಲ್ಲು, ಕುರ್ಚಿ, ಪುಸ್ತಕಗಳನ್ನು ಕಿಟಕಿಯ ಬಳಿ ಜೋಡಿಸಿದೆ. ನನಗೇ ಕೂತು ಓದಬೇಕು ಅನ್ನಿಸಿತು, ನಾನು ಸಹಿ ಬಿಟ್ಟು ಬೇರೆ ಬರೆದವಳಲ್ಲ.

ಇನ್ನು ಕಡಿಮೆ ಇದ್ದದ್ದು ಒಬ್ಬ ಅಪ್ಪ. ಅದಕ್ಕೂ ಹಿಂದಿನ ದಿನವೇ ಓಣಿಯ ಹುಡುಗ ಹನಮಂತನನ್ನು ಬೈಕ್ ಮೇಲೆ ಹುಕ್ಕೇರಿಗೆ ಅಟ್ಟಿ ಕರೆಸಿದ್ದೆ. ಒಂದು ದಿನದ ಪಗಾರ ಹೋಗುತ್ತದೆ ಎಂದು ಲಗಮಣ್ಣ ಗೊಣಗಿದ. ನಾನು ಅವನ ಏಳು ತಲೆಮಾರಿನ ಜನ್ಮ ಜಾಲಾಡಿದ ಮೇಲೆ ಸುಮ್ಮನಾದ. ಗಡ್ಡ ಬೋಳಿಸಿ, ಭೀಮೇಶನ ಬಿಳಿ ಅಂಗಿ ತೊಡಿಸಿ, ಪಾಠ ಹೇಳಿಕೊಟ್ಟೆ.

“ಅವರ ಏನ ಕೇಳಿದರೂ ಒಂದ ಮಾತ ಹೇಳು. ನಮ್ಮ ಮನ್ಯಾಗ ಯಾವುದಕ್ಕೂ ಕಮ್ಮಿ ಇಲ್ಲರಿ, ಅನ್ನು.”

ಕನ್ಯೆ ನೋಡಲು ಬಂದವರ ಮುಂದೆ ಎಲ್ಲ ಅಪ್ಪಂದಿರೂ ಹೇಳುವ ಮಾತು ಅದು.

ಮೇಡಂ ಬಂದರು, ಶಿರಾ ತಿಂದರು, ಚಹಾ ಕುಡಿದರು. ಫ್ರಿಜ್ಜು, ಕಪಾಟು, ಟೇಬಲ್ಲು ಒಂದನ್ನೂ ಬಿಡದೆ ಫೋನಿನಲ್ಲಿ ಫೋಟೋ ತೆಗೆದರು. ಗಂಡ ಹೆಂಡತಿಯನ್ನು ಟೇಬಲ್ಲಿನ ಪಕ್ಕ ನಿಲ್ಲಿಸಿ ಇನ್ನೊಂದು ತೆಗೆದರು.

“ಹುಡುಗಗ ಏನರ ಕೊರತಿ ಇತ್ತೇನ್ರಿ?”

“ನಮ್ಮ ಮನ್ಯಾಗ ಯಾವುದಕ್ಕೂ ಕಮ್ಮಿ ಇಲ್ಲರಿ,” ಎಂದು ಲಗಮಣ್ಣ ಗಿಳಿಯ ಹಾಗೆ ಒಪ್ಪಿಸಿದ.

“ಖರೇನ?”

“ಖರೇರಿ ಮೇಡಂ. ಯಾವುದಕ್ಕೂ ಕಮ್ಮಿ ಇಲ್ಲರಿ.”

ಮೇಡಂ ಬರೆದುಕೊಂಡರು. ನಾನು ಒಲೆಯ ಬಳಿ ನಿಂತು ಹಿಗ್ಗುತ್ತಿದ್ದೆ. ಅವರ ಜೀಪು ಓಣಿ ದಾಟಿದ್ದೇ ಸಾಮಾನುಗಳು ಹೊರಟವು. ಲಗಮಣ್ಣ ಅಂಗಿಯನ್ನೂ ಬಿಚ್ಚದೆ ಮಧ್ಯಾಹ್ನದ ಬಸ್ಸಿಗೆ ಹುಕ್ಕೇರಿಗೆ ಹೋದ. ಭೀಮೇಶ ಇವತ್ತಿಗೂ ಆ ಅಂಗಿ ಕೇಳುತ್ತಾನೆ.

ಮಂಡಳಿಯವರು ಕರೆದ ದಿನ ಸಾತವ್ವನ ಜೊತೆ ನಾನೂ ಹೋದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಮಗನನ್ನು ಒಳಗೆ ಇಟ್ಟು, ನೋಡಲು ಹೋಗುವ ತಾಯಿಗೆ ಟಿಕೆಟ್ ಬೇಡ ಅನ್ನುವ ದಯೆ ಸರಕಾರಕ್ಕಲ್ಲದೆ ಇನ್ಯಾರಿಗೆ ಬರಬೇಕು! ಸಾತವ್ವ ದಾರಿಯುದ್ದಕ್ಕೂ ನಗುತ್ತಿದ್ದಳು. ಸಂಜೆ ಹೊಳ್ಳಿ ಬರುವಾಗ ಮೂವರೂ ಗೋಕಾಕದಲ್ಲಿ ಇಳಿದು ಕರದಂಟು ತಿನ್ನೋಣ ಎಂದಳು.

ಒಂದು ದೊಡ್ಡ ಟೇಬಲ್ಲಿನ ಆಚೆ ಮಂಡಳಿಯ ಮೂವರು ಕೂತಿದ್ದರು. ಸ್ವಪ್ನಿಲ್ ಮೂಲೆಯ ಬೆಂಚಿನ ಮೇಲಿದ್ದ. ಮೇಡಂ ಎದ್ದು ವರದಿ ಓದಿದರು.

“ಕುಟುಂಬವು ಅನುಕೂಲಸ್ಥವಾಗಿದ್ದು, ಯಾವುದಕ್ಕೂ ಕೊರತೆ ಇಲ್ಲವೆಂದು ತಂದೆಯೇ ಒಪ್ಪಿರುತ್ತಾರೆ. ಬಾಲಕನ ತಪ್ಪಿಗೆ ಬಡತನ ಕಾರಣವಲ್ಲ. ಎಲ್ಲವೂ ಇದ್ದು ಮಗನನ್ನು ಗಮನಿಸದ ಪಾಲಕರ ನಿರ್ಲಕ್ಷ್ಯವೇ ಕಾರಣ. ಸದ್ಯ ಮನೆಗೆ ಕಳುಹಿಸುವುದು ಸೂಕ್ತವಲ್ಲ.”

ನಾನು ಎದ್ದು ಮುಂದೆ ಹೋದೆ.

“ಮೇಡಂ, ಅವೆಲ್ಲಾ ನಾ ಓಣ್ಯಾಗ ಇಸಕೊಂಡ ಬಂದದ್ದರಿ! ಅಕಿ ಮನ್ಯಾಗ ನಾಕ ಗಡಿಗಿ ಬಿಟ್ಟರ ಏನೂ ಇಲ್ಲರಿ. ತಪ್ಪ ನಂದು, ನನ್ನ ಬೈರಿ!”

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಏನೂ ಇಲ್ಲದ ಮನಿಗೆ ಹುಡುಗನ್ನ ಹೆಂಗ ಕಳಿಸೂದು ಬಾಯಾರ? ಸುಳ್ಳ ತೋರಿಸಿದ್ದನ್ನೂ ಈಗ ಬರೀಬೇಕಾಕ್ಕೈತಿ.”

ಇದ್ದರೆ ನಿರ್ಲಕ್ಷ್ಯ, ಇಲ್ಲದಿದ್ದರೆ ಅಸಮರ್ಥರು. ಎರಡಕ್ಕೂ ಅವರ ಕಾಗದದಲ್ಲಿ ಕಾಲಂ ಇತ್ತು. ಆ ಕಾಲಂಗಳಿಗೆ ಬೆಂಕಿ ಹಚ್ಚಬೇಕು ಅನ್ನಿಸಿತು. ಅದಕ್ಕಿಂತ ಮೊದಲು ನನ್ನ ಜಾಣತನಕ್ಕೆ.

ಮಂಡಳಿಯ ಹಿರಿಯರೊಬ್ಬರು ಹುಡುಗನನ್ನೂ ಒಂದು ಮಾತು ಕೇಳೋಣ ಎಂದರು. ಅವನು ಎದ್ದು ಬಂದು, ಟೇಬಲ್ಲಿನ ಮೇಲಿದ್ದ ವರದಿಯ ಫೋಟೋ ಎತ್ತಿಕೊಂಡ. ಬಹಳ ಹೊತ್ತು ನೋಡಿದ.

“ಯವ್ವಾ, ಈ ಟೇಬಲ್ಲ ಆದರೂ ನನಗಂತ ತಂದೀಯೇನ?”

“ಇಲ್ಲ ತಮ್ಮಾ, ಅದು ನಂದಾಂದು. ಫ್ರಿಜ್ ಭೀಮೇಶ ಕಾಕಾಂದು. ಎಲ್ಲಾ ಹೊಳ್ಳಿ ಕೊಟ್ಟೇವಿ.”

ಅವನ ಬೆರಳು ಬಿಳಿ ಅಂಗಿಯ ಮೇಲೆ ಬಂದು ನಿಂತಿತು.

“ಮತ್ತ ಅಪ್ಪಾ?”

ಸಾತವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ನೆಲ ನೋಡಿದೆ. ಹುಡುಗ ಇಬ್ಬರನ್ನೂ ನೋಡಿ, ತಿಳಿಯಬೇಕಾದದ್ದನ್ನು ತಿಳಿದುಕೊಂಡ.

“ಮನಿಗೆ ಹೋಗ್ತೀಯೇನಪಾ?” ಎಂದು ಹಿರಿಯರು ಕೇಳಿದರು.

ಅವನು ಅವರಿಗೆ ಉತ್ತರ ಕೊಡದೆ ಮೇಡಂ ಕಡೆ ತಿರುಗಿದ.

“ಮೇಡಂ, ನಾ ಇಲ್ಲೇ ಇದ್ದರ ನೀವ ಮತ್ತ ನಮ್ಮ ಮನಿ ನೋಡಾಕ ಹೋಗ್ತೀರೇನ್ರಿ?”

“ಹೋಗಬೇಕಲ್ಲ. ಆರ ತಿಂಗಳಿಗೊಮ್ಮೆ.”

“ಹಂಗಾದರ ನಾ ಇಲ್ಲೇ ಇರ್ತೇನ್ರಿ. ನೀವ ಬರೂ ದಿನಾ ಆದರೂ ಅಪ್ಪಾ ಮನಿಗೆ ಬರ್ತಾನ, ಅವ್ವನ ಬಾಜೂ ನಿಲ್ತಾನ.”

ಮೇಡಂ ಕನ್ನಡಕ ಹಾಕಿಕೊಂಡು, ಬಾಲಕನು ಸ್ವಇಚ್ಛೆಯಿಂದ ಇಲ್ಲಿಯೇ ಉಳಿಯಲು ಒಪ್ಪಿರುತ್ತಾನೆ ಎಂದು ಬರೆದುಕೊಂಡರು.