ಯಾರೂ ಮಬ್ರೂಕ್ ಅನ್ನದ ಕಾರು

ತನ್ನ ಮದುವೆಗೆ ಹೊರಟ ಗಂಡು ದಾರಿಯಲ್ಲಿ ಕಾರು ಕೊಳ್ಳುತ್ತಾನೆಯೇ? ನನ್ನ ಅಣ್ಣ ಲಝ್‌ಹರ್ ಕೊಂಡ. ಟ್ಯೂನಿಸ್‌ನಿಂದ ಹೆಣ್ಣಿನ ಊರಾದ ಹನ್ಶ್ ಗಣಿಗೆ ನಾವಿಬ್ಬರೂ ಬಾಡಿಗೆ ವ್ಯಾನಿನಲ್ಲಿ ಹೊರಟಿದ್ದೆವು. ಕೆಫ್ ಪಟ್ಟಣ ದಾಟಿದ ಮೇಲೆ ಚಹಾಕ್ಕೆ ನಿಲ್ಲಿಸಿದಲ್ಲಿ, ಟಯರಿನ ಅಂಗಡಿಯ ಪಕ್ಕ ಅದು ನಿಂತಿತ್ತು: ಕಪ್ಪು ಪ್ಯೂಜೋ 404, ನಮ್ಮ ಅಪ್ಪನ ಕಾಲದ್ದು. ಅಣ್ಣ ಚಹಾ ಲೋಟ ಕೆಳಗಿಟ್ಟವನು ಮತ್ತೆ ಎತ್ತಿಕೊಳ್ಳಲಿಲ್ಲ.

“ಸಾಸಿಯಾನ ಇದರಲ್ಲೇ ಕರ್ಕೊಂಡ್ ಬರ್ತೀನಿ. ರಿಬ್ಬನ್ ಕಟ್ಟಿದ ಬಾಡಿಗೆ ಕಾರು ಯಾರಿಗೆ ಬೇಕು!”

ಸಂಜೆಯವರೆಗೂ ಚೌಕಾಶಿ ಮಾಡಲು ಸಿದ್ಧನಾಗಿ ಅಣ್ಣ, ಅಂಗಡಿಯವನು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದ. ಅಂಗಡಿಯವನು ಎರಡನೇ ಮಾತಾಡದೆ ಕೀಲಿಯನ್ನು ಅಣ್ಣನ ಅಂಗೈಗೆ ತುರುಕಿ ಒಳಗೆ ಹೋಗಿಬಿಟ್ಟ. ನಮ್ಮ ನಾಡಿನಲ್ಲಿ ಮೊದಲ ಮಾತಿಗೇ ಒಪ್ಪುವವನು ಒಂದೋ ಕದ್ದಿರುತ್ತಾನೆ, ಇಲ್ಲ ಪೀಡೆ ಕಳೆದುಕೊಳ್ಳುತ್ತಿರುತ್ತಾನೆ.

“ಗಮನಿಸಿದ್ಯಾ? ಆ ಮನುಷ್ಯ ಮಬ್ರೂಕ್ ಅನ್ಲಿಲ್ಲ,” ಎಂದೆ.

“ಮರೆತಿರ್ತಾನೆ ಬಿಡೇ.”

“ಒಂದ್ ಜೊತೆ ಚಪ್ಪಲಿ ತಗೊಂಡ್ರೂ ಮಬ್ರೂಕ್ ಅಂತಾರೆ, ಶುಭವಾಗಲಿ ಅಂತಾರೆ. ಆಗದವನು ಕತ್ತೆ ತಂದ್ರೂ ಅಂತಾರೆ. ಇಷ್ಟ್ ದೊಡ್ಡ ಕಾರಿಗೆ ಮರೀತಾರಾ?”

“ಹೇದಿಯಾ, ನಿನಗೆ ಬೆಂದ ರೊಟ್ಟಿ ಮೇಲೂ ಅನುಮಾನ. ಹಿಂದೆ ಕೂತ್ಕೋ, ಮುಂದೆ ನನ್ನ ಸೂಟಿದೆ.”

ವ್ಯಾನಿನವನನ್ನು ಕಳಿಸಿ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಗಾಜು ಇಳಿಸಲು ಕೈ ಚಾಚಿದರೆ ತಿರುಗಿಸುವ ಹಿಡಿಯಿಲ್ಲ. ಬಾಗಿಲು ತೆರೆಯುವ ಹಿಡಿಕೆಯೂ ಇಲ್ಲ. ಅವು ಮುರಿದು ಬಿದ್ದಿರಲಿಲ್ಲ. ಆ ಜಾಗಕ್ಕೆ ತಗಡು ಕೂರಿಸಿ, ನೀಟಾಗಿ ಬೆಸುಗೆ ಹಾಕಿದ್ದರು. ಎರಡೂ ಕಡೆ.

“ಅಣ್ಣಾ, ಒಳಗಿಂದ ಇದು ತೆಗೆಯೋಕೆ ಬರಲ್ಲ.”

“ಒಳ್ಳೇದೇ ಆಯ್ತು, ಮದುಮಗಳು ಓಡಿಹೋಗಲ್ಲ!” ಅವನು ನಕ್ಕ. ನನಗೆ ನಗು ಬರಲಿಲ್ಲ.

ಹನ್ಶ್‌ನಲ್ಲಿರುವುದು ಸೀಸದ ಗಣಿ. ಕಂಪನಿಗೆ ಬೆಟ್ಟದ ಹೊಟ್ಟೆಯೊಳಗಿನ ಸೀಸವೂ ಬೇಕಿತ್ತು, ಸೀಸದ ಧೂಳು ನುಂಗಿದವರ ಮೌನವೂ ಬೇಕಿತ್ತು. ಊರು ಹೊಗುವಲ್ಲಿ ರಸ್ತೆಗೆ ಕಂಪನಿಯ ಅಡ್ಡಗಂಬ. ಅದರ ಮುದಿ ಕಾವಲುಗಾರ ನಮ್ಮ ಮುಖ ನೋಡುವ ಮೊದಲೇ ಕಾರನ್ನು ನೋಡಿ ಎದ್ದು ಸಲಾಮು ಹೊಡೆದ. ಕಾಫಿ ಅಂಗಡಿಯಲ್ಲಿ ಇಸ್ಪೀಟಾಡುತ್ತಿದ್ದವರು ಎಲೆ ಹಿಡಿದ ಕೈ ಹಾಗೇ ನಿಲ್ಲಿಸಿದರು. ಒಬ್ಬಳು ಹೊಸ್ತಿಲಲ್ಲಿದ್ದ ಮಗುವನ್ನು ರೆಟ್ಟೆ ಹಿಡಿದು ಒಳಗೆಳೆದುಕೊಂಡಳು. ಇಡೀ ಬೀದಿಯಲ್ಲಿ ಒಬ್ಬರ ಬಾಯಿಂದಲೂ ಮಬ್ರೂಕ್ ಬರಲಿಲ್ಲ. ಅಣ್ಣನ ನಗುವೂ ಈಗ ಸಣ್ಣದಾಯಿತು.

ಮದುವೆ ಮನೆಯ ಮುಂದೆ ಡೋಲು ಬಡಿಯುತ್ತಿತ್ತು. ಹೆಂಗಸರ ಉಲುಲು ಹರ್ಷಧ್ವನಿ ಕಾರು ಕಂಡದ್ದೇ ಗಂಟಲಲ್ಲೇ ಸತ್ತಿತು. ಅಣ್ಣ ಇಳಿದು, ಹೊರಗಿನಿಂದ ಬಾಗಿಲು ತೆಗೆದು ನನ್ನನ್ನು ಇಳಿಸಿದ. ಸಾಸಿಯಾಳ ತಂದೆ ತಿಜಾನಿ ಹೊರಬಂದರು. ಆಯುಷ್ಯವೆಲ್ಲ ಗಣಿಯಲ್ಲಿ ಸವೆಸಿದ ಮನುಷ್ಯ. ಅಳಿಯನಾಗುವವನನ್ನು ಅಪ್ಪಿಕೊಳ್ಳಲಿಲ್ಲ.

“ಕಂಪನಿಯವರು ಏನ್ ಕೊಟ್ಟರಪ್ಪಾ ನಿನಗೆ?”

“ಮಾವ, ಯಾವ ಕಂಪನಿ? ದಾರೀಲಿ ಸಿಕ್ತು, ಚೆನ್ನಾಗಿದೆ ಅಂತ...”

“ದಾರೀಲಿ ಸಿಕ್ತಂತೆ! ಹಾಳಾದ್ದು, ಇದೊಂದೇ ಸಿಕ್ತಾ? ನನ್ನ ಮಗಳ ಮದುವೆ ದಿನವೇ ಸಿಕ್ತಾ? ಬಾಗಿಲಿಗೇ ತಂದು ನಿಲ್ಲಿಸಿ, ಮರೀಬೇಡಿ ಅಂತ ಹೇಳಿಸ್ತಿದ್ದಾರಾ?”

ಆಗ ತಿಳಿಯಿತು. ಮುಷ್ಕರದ ವರ್ಷ ಅವರ ತಮ್ಮ ಅಮ್ಮಾರನನ್ನು ಗಣಿಯ ಬಾಯಿಂದ ಕರೆದೊಯ್ದದ್ದು ಕಂಪನಿಯ ಇದೇ ಕಾರು. ಮುಷ್ಕರಕ್ಕೆ ಕೂಗು ಹಾಕಿದವನು ಅವನು. ಆಮೇಲೆ ಅವನನ್ನು ಯಾರೂ ನೋಡಿಲ್ಲ. ತಾನಾಗಿಯೇ ಹತ್ತಿಕೊಂಡು ಹೋದ, ಲಿಬಿಯಾದಲ್ಲಿ ಕೂಲಿ ಹುಡುಕಿಕೊಂಡ ಎಂಬುದು ಕಂಪನಿ ಇಂದಿಗೂ ಹೇಳುವ ಮಾತು.

“ಈ ಮದುವೆ ನಡೆಯಲ್ಲ. ಯಾರ ಮನುಷ್ಯನೋ ನೀನು, ನನಗೆ ಗೊತ್ತಿಲ್ಲ,” ಎಂದರು ತಿಜಾನಿ.

ತನಗೇನೂ ಗೊತ್ತಿಲ್ಲ ಎಂದು ಅಣ್ಣ ಆಣೆ ಹಾಕಿದ. ಆಣೆ ಯಾರು ಬೇಕಾದರೂ ಹಾಕಬಹುದು ಎಂಬಂತೆ ಬೀದಿ ಅವನನ್ನು ನೋಡಿತು.

ಅಷ್ಟರಲ್ಲಿ ಅಮ್ಮಾರನ ಹೆಂಡತಿ ಮನ್ನೂಬಿಯಾ ಗೋರಂಟಿ ಕಲಸುತ್ತಿದ್ದ ಕೈಯಲ್ಲೇ ಬಂದಳು. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಾಗಿಲು ತೆಗೆದು, ಒಳಗೆ ಕೂತು, ಧಡಾರನೆ ಎಳೆದುಕೊಂಡಳು. ಗಾಜಿನಾಚೆ ಅವಳ ಕೈ ತಗಡಿನ ಮೇಲೆ ತಡಕಾಡಿತು. ತೇಪೆಯ ಮೇಲೆ ಗೋರಂಟಿ ಹತ್ತಿತು. ಮುಂದಿನ ಕಿಟಕಿಯಿಂದ ಅವಳ ದನಿ ಬಂತು.

“ತಾನಾಗೇ ಹೋದ ಅಂದ್ರಲ್ಲ. ತಾನಾಗೇ ಹೋಗೋನಿಗೆ ಬಾಗಿಲು ಬೆಸುಗೆ ಹಾಕ್ತಾರಾ?”

ಮನ್ನೂಬಿಯಾ ಅಣ್ಣನ ಕಡೆ ತಿರುಗಿದಳು.

“ನಡಿ ಮಗಾ.”

“ಎಲ್ಲಿಗೆ ಚಿಕ್ಕಮ್ಮಾ?”

“ಕಂಪನಿ ಕಚೇರಿಗೆ. ಈ ಬಾಗಿಲನ್ನ ಅವರೇ ಬಂದು ತೆಗೀಲಿ. ಅಲ್ಲೀವರೆಗೂ ನಾನು ಇಳಿಯಲ್ಲ.”

ಅಣ್ಣ ಕದಲಲಿಲ್ಲ. ಒಂದು ಗಳಿಗೆ ನನಗೂ ಅನುಮಾನ ಬಂತು. ಇವನು ನಿಜಕ್ಕೂ ಏನೂ ಅರಿಯದೆ ಕೊಂಡನೇ? ಒಡಹುಟ್ಟಿದವನನ್ನೇ ಹಾಗೆ ನೋಡುವಂತೆ ಮಾಡಿತ್ತು ಆ ಕಾರು. ಭಯ ಬಿತ್ತಿದವರಿಗೆ ಇದಕ್ಕಿಂತ ಒಳ್ಳೆಯ ಫಸಲು ಬೇಕೇ?

ಸಾಸಿಯಾ ಮದುವೆಯ ಉಡುಗೆಯಲ್ಲೇ ಮೆಟ್ಟಿಲಿಳಿದಳು. ತಂದೆ ತೋಳು ಹಿಡಿದರು, ಬಿಡಿಸಿಕೊಂಡಳು. ಸೂಟನ್ನು ನನ್ನ ಕೈಗೆಸೆದು ಮುಂದಿನ ಸೀಟಿನಲ್ಲಿ ಕೂತಳು.

“ನೀನು ಅವರ ಮನುಷ್ಯ ಆಗಿದ್ರೆ ಕೀಲಿ ಬಿಸಾಕಿ ಹೋಗು. ಅಲ್ಲ ಅಂದ್ರೆ ಬಾ, ಗಾಡಿ ತೆಗಿ.”

ಅವನು ಹತ್ತಿದ. ಎಂಜಿನ್ ಕೆಮ್ಮಿ ಎದ್ದಿತು. ಡೋಲಿನವನು ಯಾರನ್ನೂ ಕೇಳದೆ ಹಿಂದೆ ನಡೆದ. ಅವನ ಹಿಂದೆ ಹೆಂಗಸರು, ಕಾಫಿ ಅಂಗಡಿಯ ಗಂಡಸರು, ಸೂಟು ಹೊತ್ತ ನಾನು. ತಿಜಾನಿ ಮಾತ್ರ ಅಣ್ಣನ ಕಿಟಕಿಗೆ ಅಂಟಿಕೊಂಡೇ ನಡೆದರು, ಕಣ್ಣು ಅವನ ಕೈಗಳ ಮೇಲಿಟ್ಟು. ಬೀದಿಯ ಕೊನೆಯಲ್ಲಿ ರಸ್ತೆ ಕವಲೊಡೆಯುತ್ತದೆ: ಎಡಕ್ಕೆ ಹೆದ್ದಾರಿ, ಬಲಕ್ಕೆ ಕಂಪನಿ. ಕಾರು ನಿಧಾನವಾಯಿತು. ನಾನೂ ಅವನ ಕೈಗಳನ್ನೇ ನೋಡುತ್ತಿದ್ದೆ.

ಬಲಕ್ಕೆ ತಿರುಗಿಸಿದ.